ಅದು ಲೆಕ್ಕ ಸರ್, ಇದು ದುಡ್ಡು

ಜೂನ್ ತಿಂಗಳು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಹಿಂದಿನ ಪಾಠ ಎಷ್ಟು ಬರುತ್ತೆ ಅಂತ ನೋಡುವ ಸೇತುಬಂಧ ಪರೀಕ್ಷೆಯ ಹಾಳೆಗಳನ್ನು ತಿದ್ದುತ್ತಾ ಕೂತಿದ್ದೆ. 618ನ್ನು 6ರಿಂದ ಭಾಗಿಸಿ ಅಂತ ಒಂದು ಲೆಕ್ಕ ಕೊಟ್ಟಿದ್ದೆ. ಒಬ್ಬಳು ಹುಡುಗಿ ಸ್ಕೇಲ್ ಇಟ್ಟು ಗೆರೆ ಎಳೆದು, ಚೆನ್ನಾಗಿ ಭಾಗಾಕಾರ ಮಾಡಿ, ಉತ್ತರ 13 ಅಂತ ಬರೆದು ಸುತ್ತ ಒಂದು ಚೌಕವನ್ನೂ ಹಾಕಿದ್ದಳು. ಮುಂದಿನ ಹಾಳೆ ನೋಡಿದೆ, ಅಲ್ಲೂ 13. ಕಟ್ಟು ಮುಗಿಯುವಷ್ಟರಲ್ಲಿ ಈ 13 ಎಷ್ಟು ಸಲ ಬಂತು ಅಂದರೆ, ಇದು ಮಕ್ಕಳ ಅಜಾಗರೂಕತೆ ಅಲ್ಲ ಅನ್ನೋದು ಖಾತ್ರಿಯಾಯಿತು.

ಆ ಹುಡುಗಿಯ ತಾಯಿ ಬಸ್‌ಸ್ಟ್ಯಾಂಡ್ ಹತ್ತಿರ ಹೂವು ಮಾರುತ್ತಾರೆ. ಮಾರನೇ ದಿನ ಅವಳನ್ನು ಕರೆದು ಕೇಳಿದೆ. "ನಿಮ್ಮಮ್ಮ, ಜೊತೆಗೆ ಇನ್ನೂ ಐದು ಜನ ಸೇರಿ ಹೂವು ಮಾರಿದ್ರು ಅಂತ ಇಟ್ಟುಕೋ. 618 ರೂಪಾಯಿ ಬಂತು. ಆರೂ ಜನ ಸಮನಾಗಿ ಹಂಚಿಕೊಂಡ್ರೆ ಒಬ್ಬೊಬ್ರಿಗೆ ಎಷ್ಟಮ್ಮ?"

ಅವಳು ಪೆನ್ನು ಮುಟ್ಟಲಿಲ್ಲ. "ನೂರ ಮೂರು ಸರ್."

"ಹೇಗೆ?"

"ಒಬ್ಬೊಬ್ರಿಗೆ ನೂರು ಕೊಟ್ರೆ ಆರುನೂರು ಹೋಯ್ತು. ಉಳಿದಿದ್ದು ಹದಿನೆಂಟು. ಮೂರ್‌ಮೂರು."

ಅವಳ ಹಾಳೆಯನ್ನೇ ಮುಂದಿಟ್ಟೆ. "ಮತ್ತೆ ಇಲ್ಲಿ ಹದಿಮೂರು ಬರೆದಿದ್ದೀಯಲ್ಲ?"

"ಅದು ಲೆಕ್ಕ ಸರ್, ಇದು ದುಡ್ಡು."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಏಳು ವರ್ಷ ಶಾಲೆಗೆ ಬಂದ ಮಗು, ತಲೆ ಚುರುಕಾಗಿರುವ ಮಗು, ತನಗೆ ಗೊತ್ತಿರುವ ಲೆಕ್ಕಕ್ಕೂ ನೋಟ್‌ಬುಕ್ಕಿನ ಲೆಕ್ಕಕ್ಕೂ ಸಂಬಂಧವೇ ಇಲ್ಲ ಅಂತ ನಂಬಿಬಿಟ್ಟಿದೆ. ನಂಬಿಸಿದವರು ನಾವೇ ಅಲ್ವಾ?

ಅವಳಿಗೆ 13 ಹೇಗೆ ಬಂತು ನೋಡಿ. ಆರೊಂದ್ಲೆ ಆರು, ಕಳೆದರೆ ಸೊನ್ನೆ. ಒಂದು ಇಳಿಸು. ಒಂದರಲ್ಲಿ ಆರು ಹೋಗಲ್ಲ. ಎಂಟು ಇಳಿಸು, ಹದಿನೆಂಟಾಯಿತು, ಆರು ಮೂರ್ಲೆ ಹದಿನೆಂಟು. ಮಗ್ಗಿ ಸರಿ. ಕಳೆದದ್ದು ಸರಿ. ಕಲಿಸಿದ ಹೆಜ್ಜೆಗಳು ಹೆಚ್ಚುಕಡಿಮೆ ಎಲ್ಲವೂ ಸರಿ. "ಹೋಗಲ್ಲ" ಅಂದ ಜಾಗದಲ್ಲಿ ಒಂದು ಸೊನ್ನೆ ಬರೆಯಬೇಕಿತ್ತು, ಅಷ್ಟೇ. ಆ ಸೊನ್ನೆ ಯಾಕೆ ಬೇಕು ಅಂತ ಅವಳಿಗೆ ಯಾರೂ ತೋರಿಸಿಲ್ಲ. 618ರಲ್ಲಿರುವ 6 ಅಂದರೆ ಆರುನೂರು ಅನ್ನೋದು ಆ ಹೆಜ್ಜೆಗಳ ಮಧ್ಯೆ ಎಲ್ಲೋ ಕಳೆದುಹೋಗಿದೆ.

ಇದು ನನ್ನ ಶಾಲೆಯ ಕಥೆ ಮಾತ್ರ ಅಲ್ಲ. ಹಳ್ಳಿಯ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಕೊಡುವುದು ಇದೇ ಥರದ ಲೆಕ್ಕ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸೋದು. 2024ರಲ್ಲಿ ದೇಶದ ಹಳ್ಳಿಗಳಲ್ಲಿ ಎಂಟನೇ ತರಗತಿಯ ಮಕ್ಕಳ ಪೈಕಿ ಅದನ್ನು ಸರಿಯಾಗಿ ಮಾಡಿದವರು 45.8%. 2018ರಲ್ಲಿ 44.1% ಇತ್ತು. ಮಧ್ಯೆ ಕೊರೊನಾ ಬಂತು, ಶಾಲೆ ಮುಚ್ಚಿತು, ತೆರೆಯಿತು, ತಪ್ಪಿಹೋದ ಕಲಿಕೆ ತುಂಬಿಸಲು ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಆ ಅಂಕಿ ಮಾತ್ರ ಹೆಚ್ಚೇನೂ ಕದಲಲಿಲ್ಲ.

2025ರ ಫೆಬ್ರುವರಿಯಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಹತ್ತಿರ ತರಕಾರಿ ಕೊಂಡು ಲೆಕ್ಕ ಕೇಳಿದ್ದರು. ಕಾಗದ ಪೆನ್ನು ಇಲ್ಲದೆ ಆ ಮಕ್ಕಳು ಥಟ್ ಅಂತ ಸರಿಯಾಗಿ ಹೇಳಿದ್ದಾರೆ. ಅದೇ ಮಕ್ಕಳಿಗೆ ಶಾಲೆಯ ರೀತಿ ಬರೆದು ಮಾಡುವ ಲೆಕ್ಕ ಕೊಟ್ಟರೆ ಬಹಳಷ್ಟು ಜನ ತಡವರಿಸಿದ್ದಾರೆ. ಇನ್ನೊಂದು ಕಡೆ, ಬರೆಯುವ ಲೆಕ್ಕ ಚೆನ್ನಾಗಿ ಮಾಡಿದ ಶಾಲೆಯ ಮಕ್ಕಳು ಅಂಗಡಿ ಲೆಕ್ಕದಲ್ಲಿ ಎಡವಿದ್ದಾರೆ. ನನಗೆ ಎರಡನೆಯದೇ ಜಾಸ್ತಿ ಯೋಚನೆ ಹುಟ್ಟಿಸಿತು, ಯಾಕೆಂದರೆ ನಾವು ಪಾಸು ಅಂತ ಲೆಕ್ಕ ಹಿಡಿದಿರುವ ಮಕ್ಕಳಲ್ಲೂ ಎಷ್ಟು ಜನಕ್ಕೆ ನಿಜವಾಗಿ ಲೆಕ್ಕ ಗೊತ್ತು ಅಂತ ಅಂಕ ನೋಡಿ ಹೇಳಲಾಗುವುದಿಲ್ಲ.

ಆ ಹುಡುಗಿಯ ಜೊತೆ ನಾನು ಮಾಡಿದ್ದು ಇಷ್ಟು. ಬಣ್ಣದ ಕಾಗದದಲ್ಲಿ ನೂರರ, ಹತ್ತರ, ಒಂದರ ನೋಟು ಕತ್ತರಿಸಿ ಇಟ್ಟಿದ್ದೇನೆ. ನೂರರ ಆರು ನೋಟು, ಹತ್ತರದ್ದು ಒಂದು, ಒಂದರದ್ದು ಎಂಟು ಕೊಟ್ಟೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಮನೆ ಬರೆದೆ. ನೂರರ ನೋಟು ಮನೆಗೊಂದು ಹಂಚಿದಳು. ನೋಟ್‌ಬುಕ್ಕಿನಲ್ಲಿ ನೂರರ ಸ್ಥಾನದ ಮೇಲೆ 1 ಬರೆಸಿದೆ. ಹತ್ತರ ನೋಟು ಒಂದೇ ಇದೆ. ಆರು ಮನೆಗೆ ಹೇಗೆ ಹಂಚೋದು? ಅದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ "ಚಿಲ್ಲರೆ ಮಾಡಿಸ್ಬೇಕು ಸರ್" ಅಂದಳು. ಹತ್ತರ ನೋಟು ಕೊಟ್ಟು ಒಂದರ ಹತ್ತು ನೋಟು ತಗೊಂಡಳು. ಆಗ ಕೇಳಿದೆ: "ಯಾವುದಾದರೂ ಮನೆಗೆ ಹತ್ತರ ನೋಟು ಹೋಯ್ತಾ?" ಇಲ್ಲ. "ಹಾಗಿದ್ರೆ ಹತ್ತರ ಸ್ಥಾನದಲ್ಲಿ ಏನು ಬರೀತೀಯ?" ಅವಳೇ ಸೊನ್ನೆ ಬರೆದಳು. ಉಳಿದ ಹದಿನೆಂಟನ್ನು ಹಂಚುವ ಮೊದಲೇ ಮುಖ ಎತ್ತಿ ನೋಡಿದಳು.

ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಬೋರ್ಡಿನ ಮೇಲೆ ಐದು ಭಾಗಾಕಾರ ಮಾಡಿ ತೋರಿಸಬಹುದಿತ್ತು ನಿಜ, ಆದರೆ ಅವನ್ನೆಲ್ಲ ಏಳು ವರ್ಷದಿಂದ ತೋರಿಸಿದ್ದೇವೆ.

ತಪ್ಪು ಉತ್ತರಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಮೊದಲ ಕೆಲವು ವರ್ಷ ನಾನೂ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹಾಕಿ, ಅಂಕ ಕೂಡಿಸಿ, ರಿಜಿಸ್ಟರ್‌ಗೆ ಏರಿಸಿ ಮುಗಿಸುತ್ತಿದ್ದೆ. ಆ ಮಕ್ಕಳಿಗೆ ನಾನು ಎಷ್ಟು ಅನ್ಯಾಯ ಮಾಡಿದೆ ಅಂತ ಈಗ ಅನಿಸುತ್ತದೆ. 502ರಲ್ಲಿ 178 ಕಳೆಯಿರಿ ಅಂದರೆ ಕೆಲವರು 476 ಬರೆಯುತ್ತಾರೆ. ಎರಡರಲ್ಲಿ ಎಂಟು ಹೋಗಲ್ಲ, ಹಾಗಾಗಿ ಎಂಟರಲ್ಲಿ ಎರಡು ಕಳೆದು ಆರು. ಏಳರಲ್ಲಿ ಸೊನ್ನೆ ಕಳೆದು ಏಳು. ಐದರಲ್ಲಿ ಒಂದು ಹೋದರೆ ನಾಲ್ಕು. ಎರಡನೇ ಕ್ಲಾಸಿನಲ್ಲಿ ಯಾರೋ "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದು ಕಳೀಬೇಕು" ಅಂದಿದ್ದಾರೆ, ಮಗು ಅದನ್ನು ನಿಷ್ಠೆಯಿಂದ ಪಾಲಿಸಿದೆ. ಪಕ್ಕದ ಅಂಕಿಯಿಂದ ಸಾಲ ತಗೊಳ್ಳೋದು ಗೊತ್ತಿದ್ದವರೂ ಮಧ್ಯದಲ್ಲಿ ಸೊನ್ನೆ ಬಂದರೆ ಅಲ್ಲೇ ನಿಲ್ಲುತ್ತಾರೆ. ಸೊನ್ನೆ ಹತ್ತಿರ ಸಾಲ ಕೇಳೋದು ಹೇಗೆ?

ಇನ್ನೊಂದು, ಸಾವಿರದ ಆರು ಬರೆಯಿರಿ ಅಂದರೆ 10006. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದ್ದಾರೆ, ಮೊದಲು ಸಾವಿರ, ಆಮೇಲೆ ಆರು. ನಮ್ಮ ಕನ್ನಡದ ಎಣಿಕೆ ಎಷ್ಟು ಚೆನ್ನಾಗಿದೆ ನೋಡಿ. ಇಪ್ಪತ್ತಮೂರು ಅಂದರೆ ಇಪ್ಪತ್ತು ಮತ್ತೆ ಮೂರು, ಹೆಸರಲ್ಲೇ ಲೆಕ್ಕ ಇದೆ. ಹಿಂದಿ ಕಲಿಯುವ ಮಕ್ಕಳು ನೂರರವರೆಗೆ ಹೆಚ್ಚುಕಡಿಮೆ ಒಂದೊಂದು ಹೆಸರನ್ನೂ ಬಾಯಿಪಾಠ ಮಾಡಬೇಕು, ನಮ್ಮವರಿಗೆ ಆ ಕಷ್ಟ ಇಲ್ಲ. ಈ ಅನುಕೂಲವನ್ನು ನಾವು ಬಳಸಿಕೊಳ್ಳುತ್ತಿಲ್ಲ. ಹಳೇ ಲಗ್ನಪತ್ರಿಕೆ ಕತ್ತರಿಸಿ 1000, 100, 10, 1ರ ಕಾರ್ಡು ಮಾಡಿಕೊಳ್ಳಿ, ಸಾವಿರದ ಕಾರ್ಡು ಉದ್ದ, ಬಿಡಿಯದು ಗಿಡ್ಡ. 1000ದ ಕಾರ್ಡಿನ ಕೊನೇ ಸೊನ್ನೆಯ ಮೇಲೆ 6ರ ಕಾರ್ಡು ಇಟ್ಟರೆ 1006 ಕಾಣುತ್ತದೆ, ಎತ್ತಿದರೆ ಕೆಳಗೆ ಸಾವಿರ ಹಾಗೇ ಇರುತ್ತದೆ. ಮಕ್ಕಳು ಅದನ್ನು ಎತ್ತಿ ಎತ್ತಿ ನೋಡುತ್ತಾರೆ.

ದಶಮಾಂಶದಲ್ಲಿ ತಪ್ಪು ನಮ್ಮ ಬಾಯಿಂದಲೇ ಶುರುವಾಗುತ್ತದೆ. 0.25 ದೊಡ್ಡದೋ 0.3 ದೊಡ್ಡದೋ ಅಂದರೆ 0.25 ಅಂತಾರೆ. ನಾವು "ಪಾಯಿಂಟ್ ಇಪ್ಪತ್ತೈದು" ಅಂತ ಓದುತ್ತೇವೆ, ಇಪ್ಪತ್ತೈದು ಮೂರಕ್ಕಿಂತ ದೊಡ್ಡದು ತಾನೇ? "ಪಾಯಿಂಟ್ ಎರಡು ಐದು" ಅಂತ ಓದುವ ಅಭ್ಯಾಸ ಮಾಡಿಕೊಳ್ಳಿ.

8 + 4 = ☐ + 5 ಕೊಟ್ಟು ನೋಡಿ. ಹೈಸ್ಕೂಲಿನಲ್ಲೂ 12 ಬರೆಯುವವರಿದ್ದಾರೆ. ಅವರಿಗೆ ಸಮ ಚಿಹ್ನೆ ಅಂದರೆ "ಇಲ್ಲಿ ಉತ್ತರ ಬರಿ" ಅಂತ. ಎರಡೂ ಕಡೆ ಸಮ ತೂಗಬೇಕು ಅನ್ನೋದು ಗೊತ್ತಿಲ್ಲದ ಮಗುವಿಗೆ ಎಂಟನೇ ತರಗತಿಯಲ್ಲಿ ಸಮೀಕರಣ ಕಲಿಸಲು ಹೊರಟರೆ ಏನಾಗುತ್ತೆ ಹೇಳಿ. ನಾನು ತಕ್ಕಡಿ ಚಿತ್ರ ಬರೆದೇ ಶುರು ಮಾಡುತ್ತೇನೆ.

ಸೇತುಬಂಧ ಇರುವುದೇ ಇದಕ್ಕೆ. ಜೂನ್‌ನಲ್ಲಿ ಮಗು ಎಲ್ಲಿ ನಿಂತಿದೆ ಅಂತ ಪರೀಕ್ಷೆ ಮಾಡಿ, ಅಲ್ಲಿಂದ ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡಿ ನೋಡೋದು. ತುಂಬಾ ಒಳ್ಳೆಯ ಯೋಚನೆ. ಆದರೆ ಎಷ್ಟೋ ಕಡೆ ಅದು ಕಡತದಲ್ಲೇ ಉಳಿಯುತ್ತದೆ. ದಾಖಲೆ ಕೇಳುತ್ತಾರೆ, ಬರೆದಿಡುತ್ತೇವೆ, ಜುಲೈ ಬಂದ ಕೂಡಲೇ ಪಾಠ ಓಡಿಸುತ್ತೇವೆ. ಮಣಿ ಮುಂತಾದ ವಸ್ತು ಹಿಡಿದು ಲೆಕ್ಕ ಕಲಿಯಲಿ ಅಂತ ಶಾಲೆಗಳಿಗೆ ಕೊಟ್ಟ ಗಣಿತ ಕಲಿಕಾ ಆಂದೋಲನದ ಕಿಟ್ಟುಗಳೂ ಹಾಗೇ, ನಾನು ನೋಡಿದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಳೆದುಹೋದೀತು ಅನ್ನೋ ಭಯಕ್ಕೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಒಂದು ಮಣಿ ಕಳೆದರೆ ಕಳೆಯಲಿ, ಮಕ್ಕಳ ಕೈಗೆ ಕೊಡಿ.

ನಾನೀಗ ಹಾಳೆಗಳನ್ನು ಅಂಕದ ಪ್ರಕಾರ ಜೋಡಿಸುವುದಿಲ್ಲ, ತಪ್ಪಿನ ಪ್ರಕಾರ ಜೋಡಿಸುತ್ತೇನೆ. ಸೊನ್ನೆ ಬಿಟ್ಟವರು ಒಂದು ಕಟ್ಟು, ಸಾಲ ತಗೊಳ್ಳಲು ಬಾರದವರು ಒಂದು ಕಟ್ಟು, ಮಗ್ಗಿ ಬಾರದವರು ಒಂದು. ಆಗ ತರಗತಿಯ ಚಿತ್ರ ಬೇರೆಯೇ ಕಾಣುತ್ತದೆ. ಹತ್ತಕ್ಕೆ ಎರಡು ತೆಗೆದ ಇಬ್ಬರು ಮಕ್ಕಳಿಗೆ ಬೇಕಾದದ್ದು ಒಂದೇ ಪಾಠ ಅಲ್ಲ ಅಂತ ಗೊತ್ತಾಗುತ್ತದೆ. ಆಮೇಲೆ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ ಆ ಗುಂಪುಗಳಿಗೆ, ಉಳಿದದ್ದು ಪಾಠಕ್ಕೆ. ಪಾಠ ಹಿಂದೆ ಬೀಳುತ್ತದೆ, ಅದು ನಿಜ, ಮೇಲಿನವರು ಕೇಳುತ್ತಾರೆ ಕೂಡ. ಆದರೆ ಭಾಗಾಕಾರ ಸರಿಹೋದ ಮೇಲೆ ಮುಂದಿನ ಅಧ್ಯಾಯಗಳು ಬೇಗ ಸಾಗುತ್ತವೆ, ಅದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ತಂದೆ ತಾಯಂದಿರ ಸಭೆಯಲ್ಲಿ ಹೆಚ್ಚು ಕೇಳುವ ಮಾತು "ಮೇಷ್ಟ್ರೇ, ಮಗ್ಗಿ ಬರಲ್ಲ ಇವನಿಗೆ, ಬಾಯಿಪಾಠ ಮಾಡ್ಸಿ" ಅಂತ. ಮಗ್ಗಿ ಬೇಕು. ನಾನು ಖಂಡಿತ ಹೇಳಿಸುತ್ತೇನೆ. ಆದರೆ 13 ಬರೆದ ಹುಡುಗಿಗೆ ಇಪ್ಪತ್ತರವರೆಗೆ ಮಗ್ಗಿ ಬರುತ್ತಿತ್ತು. ಮನೆಯಲ್ಲಿ ನೀವು ಮಾಡಬಹುದಾದದ್ದು ಬೇರೆ ಇದೆ. ಅಂಗಡಿಗೆ ಕಳಿಸಿದಾಗ, ಕಾಲು ಕೆಜಿ ಬೇಳೆ, ಅರ್ಧ ಲೀಟರ್ ಎಣ್ಣೆ ತಂದಾಗ, ಚಿಲ್ಲರೆ ಎಷ್ಟು ಉಳಿಯಿತು ಅಂತ ಕೇಳಿ, ಹೇಳಿದ ಮೇಲೆ ಹೇಗೆ ಲೆಕ್ಕ ಹಾಕಿದೆ ಅಂತಲೂ ಕೇಳಿ. ಆಮೇಲೆ ಅದನ್ನೇ ಒಂದು ಕಾಗದದ ಮೇಲೆ ಬರೆಯಲು ಹೇಳಿ. ಓದು ಬಾರದ ತಾಯಂದಿರೂ ಇದನ್ನು ಮಾಡಬಹುದು, ಮಾಡಿದ್ದಾರೆ.

ಎಂಟನೇ ತರಗತಿಯಲ್ಲಿ ಇದನ್ನು ಬಿಟ್ಟರೆ ಹತ್ತನೇ ತರಗತಿಯಲ್ಲಿ ಪಾಸಿಂಗ್ ಪ್ಯಾಕೇಜ್ ಒಂದೇ ದಾರಿ. ಥೇಲ್ಸ್ ಪ್ರಮೇಯ ಬಾಯಿಪಾಠ, ನಕ್ಷೆ ಎಳೆಯೋದು ಹತ್ತು ಸಲ, ಸರಾಸರಿಯ ಸೂತ್ರ ಒಂದು, ಒಟ್ಟು 80 ಅಂಕದ ಪತ್ರಿಕೆಯಲ್ಲಿ ಪಾಸಾಗುವಷ್ಟು. ಅದನ್ನು ನಾನೂ ಮಾಡಿಸುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾದರೆ ನಮ್ಮ ಕಡೆಯ ಹುಡುಗಿಯರ ಓದು ಅಲ್ಲಿಗೇ ನಿಂತುಹೋಗುವ ಅಪಾಯ ಇದೆ, ಹಾಗಾಗಿ ಜನವರಿಯಲ್ಲಿ ಬೇರೆ ಮಾತಿಲ್ಲ. ಆದರೆ ಅದನ್ನು ಕಲಿಕೆ ಅಂತ ನಾನು ಕರೆಯಲಾರೆ.

ಆ ವರ್ಷದ ಸಾಫಲ್ಯ ಪರೀಕ್ಷೆಗೆ 4236ನ್ನು 4ರಿಂದ ಭಾಗಿಸುವ ಲೆಕ್ಕ ಕೊಟ್ಟಿದ್ದೆ. ಹೂವಿನ ಅಂಗಡಿಯ ಹುಡುಗಿ 1059 ಅಂತ ಬರೆದಿದ್ದಳು. ಸೊನ್ನೆಯ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದುಕೊಂಡಿದ್ದಳು: "ನೂರರ ನೋಟು ಎರಡೇ ಇತ್ತು, ಚಿಲ್ಲರೆ ಮಾಡಿಸಿದೆ."