ಅಜ್ಜನ ಬೆನ್ನುನೋವು ಬರೀ ಪ್ರಾಯದ್ದಲ್ಲದಿದ್ದರೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಪ್ಪತ್ತು ದಾಟಿದ ಅಜ್ಜ ಬೆನ್ನುನೋವು ಅಂದರೆ ಮನೆಯಲ್ಲಿ ಸಿಗುವ ಮೊದಲ ಉತ್ತರ, "ಪ್ರಾಯ ಆಯ್ತಲ್ಲ". ಆಮೇಲೆ ಎಣ್ಣೆ ತಿಕ್ಕುವುದು. ಆಮೇಲೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ, ಯಾಕಂದರೆ ಹೆಚ್ಚಿನ ಬೆನ್ನುನೋವು ಸವೆತದ್ದೇ. ಆದರೆ ಕೆಲವರ ಬೆನ್ನುಮೂಳೆಯಲ್ಲಿ ಕ್ಷಯದ (ಟಿಬಿಯ) ಅಥವಾ ಬೇರೆ ರೋಗಾಣುವಿನ ಸೋಂಕು ಕೂತಿರುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ.

ಸವೆತದ ನೋವು ಸಾಮಾನ್ಯವಾಗಿ ಮಲಗಿದರೆ ಇಳಿಯುತ್ತದೆ. ಸೋಂಕಿನದ್ದು ರಾತ್ರಿಯೂ ಬಿಡುವುದಿಲ್ಲ. ಜ್ವರ ಬರಲೇಬೇಕು ಅಂತೇನಿಲ್ಲ, ವಯಸ್ಸಾದವರಲ್ಲಂತೂ ಎಷ್ಟೋ ಸಲ ಬರುವುದೇ ಇಲ್ಲ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ನಡೆಯುವಾಗ ಕಾಲು ಎಳೆದ ಹಾಗೆ ಆಗುತ್ತದೆ. ಕೆಲವರಿಗೆ ತೊಡೆಸಂದಿಯಲ್ಲಿ ಮೆತ್ತಗಿನ ಗಡ್ಡೆ ಏಳುತ್ತದೆ. ಬೆನ್ನಿನ ಕೀವು ಸ್ನಾಯುವಿನ ಗುಂಟ ಇಳಿದು ಅಲ್ಲಿಗೆ ಬಂದಿರುತ್ತದೆ, ಮುಟ್ಟಿದರೆ ಬಿಸಿಯೂ ಇರುವುದಿಲ್ಲ. ಕ್ಷಯದ ಕೀವಿನ ಗುಣವೇ ಹಾಗೆ.

ಬೆನ್ನಿನ ಕ್ಷಯ ಈಜಿಪ್ಟಿನ ಮಮ್ಮಿಗಳಲ್ಲೂ ಕಂಡ ರೋಗ. ಗೂನು ಮತ್ತು ಕಾಲಿನ ಬಲಹೀನತೆ ಒಟ್ಟೊಟ್ಟಿಗೆ ಬರುವುದನ್ನು 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ವಿವರಿಸಿದರು. ಈಗಲೂ ಅದಕ್ಕೆ ಅವರದೇ ಹೆಸರು. ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ಆದರೆ ಮದ್ದು ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಹಾಸಿಗೆ, ಬಿಸಿಲು, ಒಳ್ಳೆಯ ಊಟ. ನಮ್ಮ ಕಡೆಯವರಿಗೆ ಕೇಳಿ ಗೊತ್ತಿರುವ ಸ್ಯಾನಟೋರಿಯಂಗಳು, ಅಂದರೆ ಕ್ಷಯರೋಗಿಗಳ ಆಸ್ಪತ್ರೆಗಳು, ನಡೆದದ್ದು ಹಾಗೆಯೇ, ಮದನಪಲ್ಲಿ ಹತ್ತಿರದ ಆರೋಗ್ಯವರಂನದ್ದು, ಮೈಸೂರಿನದ್ದು. ಬೆನ್ನಿನ ರೋಗಿಗಳನ್ನು ಪ್ಲಾಸ್ಟರ್ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಎಳೆಯ ಹುಡುಗ ಒಂದು ವರ್ಷ ಮಲಗಿ ಎದ್ದಾನು. ಎಪ್ಪತ್ತರ ಮುದುಕ ಮಲಗಿದರೆ ಸ್ನಾಯು ಕರಗುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಫ ಕಟ್ಟುತ್ತದೆ. ಆ ಚಿಕಿತ್ಸೆ ಅವನಿಗೆ ಹೊಂದುವಂಥದ್ದೇ ಅಲ್ಲ.

ಕ್ಷಯದ ಮದ್ದು ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿತು. 1952ರ ಹೊತ್ತಿಗೆ ಇನ್ನೊಂದು ಮದ್ದು, ಐಸೋನಿಯಾಜಿಡ್ ಬಂತು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲೇ ಇದ್ದು ಮದ್ದು ತಿಂದವರು ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಅಂತ ಆ ಕೇಂದ್ರ 1959ರಲ್ಲಿ ತೋರಿಸಿತು. ಬೆನ್ನಿನ ಕ್ಷಯದಲ್ಲೂ ಹೀಗೇ ಆಗುತ್ತದಾ ಅಂತ ದಕ್ಷಿಣ ಕೊರಿಯಾದಲ್ಲಿ ಪರೀಕ್ಷೆ ಮಾಡಿದರು. ಮಸಾನ್‌ನಲ್ಲಿ ಕೆಲವರನ್ನು ಆರು ತಿಂಗಳು ಮಲಗಿಸಿದರು, ಉಳಿದವರನ್ನು ಮೊದಲ ದಿನದಿಂದಲೇ ಓಡಾಡಲು ಬಿಟ್ಟರು. ಪುಸಾನ್‌ನಲ್ಲಿ ಕೆಲವರಿಗೆ ಪ್ಲಾಸ್ಟರ್ ಹಾಕಿದರು, ಕೆಲವರಿಗೆ ಹಾಕಲಿಲ್ಲ. ಎರಡು ಕಡೆಯೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಈ ರೋಗದ ಚರಿತ್ರೆಯಲ್ಲಿ ದೊಡ್ಡ ತಿರುವು ಇದೇ. ಮದ್ದು ಕೆಲಸ ಮಾಡುತ್ತಿದ್ದರೆ ರೋಗಿಯನ್ನು ಸುಮ್ನೆ ಮಲಗಿಸಿ ಇಡಬೇಕಾಗಿಲ್ಲ.

ಶಸ್ತ್ರಚಿಕಿತ್ಸೆ ಬೇರೆ ದಾರಿಯಲ್ಲಿ ಬೆಳೆಯಿತು. ಹಾಂಗ್‌ಕಾಂಗ್‌ನ ವೈದ್ಯರು ಎದೆಯ ಕಡೆಯಿಂದ ಹೋಗಿ ಕೆಟ್ಟ ಮೂಳೆ ತೆಗೆದು ಹೊಸ ಮೂಳೆ ಕೂರಿಸುವುದನ್ನು 1956ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಅಷ್ಟು ದೊಡ್ಡ ಆಪರೇಷನ್ ಬೇಡ, ಮೊದಲು ಮದ್ದು ಕೊಡಿ, ಕಾಲು ಸೋಲುತ್ತಿದ್ದರೆ ಅಥವಾ ಮೂಳೆ ಕುಸಿಯುತ್ತಿದ್ದರೆ ಮಾತ್ರ ಚಾಕು ಹಿಡಿಯಿರಿ ಅಂದವರು ವಾರಾಣಸಿಯ ಎಸ್. ಎಂ. ತುಳಿ. 1975ರ ಅವರ 'ಮಧ್ಯಮ ಮಾರ್ಗ' ಇಲ್ಲಿ ಇವತ್ತಿಗೂ ನಡೆಯುತ್ತಿದೆ.

ಇಷ್ಟೂ ಕ್ಷಯದ ಮಾತಾಯಿತು. ವಯಸ್ಸಾದವರ ಬೆನ್ನಿಗೆ ಬೇರೆ ರೋಗಾಣುಗಳೂ ಬರುತ್ತವೆ, ಅಲ್ವಾ? ಸಕ್ಕರೆ ಕಾಯಿಲೆ, ಡಯಾಲಿಸಿಸ್, ಮೂತ್ರದ ಟ್ಯೂಬು, ಕಾಲಿನ ಮಾಯದ ಗಾಯ, ಇವುಗಳಿಂದ ರಕ್ತಕ್ಕೆ ಇಳಿದ ರೋಗಾಣು ಬೆನ್ನುಮೂಳೆಗೆ ಹೋಗಿ ಕೂರುತ್ತದೆ. ಹಸಿ ಹಾಲಿನಿಂದ, ದನದ ಹೆರಿಗೆ ಮಾಡಿಸುವಾಗ ಬ್ರೂಸೆಲ್ಲಾ ಎಂಬ ರೋಗಾಣು ಬರಬಹುದು. ಕರಾವಳಿಯಲ್ಲಿ ಮಳೆಗಾಲದ ಕೆಸರಿನಿಂದ ಬರುವ ಮೆಲಿಯೋಯ್ಡೋಸಿಸ್ ಎಂಬ ಸೋಂಕು ಕೂಡ ಸಕ್ಕರೆ ಕಾಯಿಲೆಯವರನ್ನೇ ಜಾಸ್ತಿ ಹಿಡಿಯುತ್ತದೆ. ಒಂದೊಂದಕ್ಕೂ ಮದ್ದು ಬೇರೆ. ಎಂಆರ್‌ಐಯಲ್ಲಿ ಸೋಂಕು ಕಾಣುತ್ತದೆ, ಆದರೆ ಯಾವ ರೋಗಾಣು ಅಂತ ಗ್ಯಾರಂಟಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿ ಚೂರು ಮಾಂಸ ತೆಗೆಯುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಸಾಕು. ರೋಗಿ ಗಟ್ಟಿಯಾಗಿದ್ದು ಕಾಲಿನ ಬಲ ಸರಿ ಇದ್ದರೆ, ಈ ಸೂಜಿಗೆ ಮೊದಲೇ ಅಂದಾಜಿನ ಮೇಲೆ ಆ್ಯಂಟಿಬಯಾಟಿಕ್ ಶುರು ಮಾಡಬಾರದು. ಮಾಡಿದರೆ ಕಲ್ಚರಿನಲ್ಲಿ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದೆ, ಮುಂದಿನ ಚಿಕಿತ್ಸೆಯೆಲ್ಲ ಊಹೆಯ ಮೇಲೆ ನಡೆಯಬೇಕಾಗುತ್ತದೆ. ರೋಗಾಣು ಯಾವುದೆಂದು ಗೊತ್ತಾದರೆ ಮದ್ದಿನ ಲೆಕ್ಕ ಸಿಗುತ್ತದೆ. ಸಾಮಾನ್ಯ ಕೀವಿನ ಸೋಂಕಿಗೆ ಹನ್ನೆರಡು ವಾರದ ಬದಲು ಆರು ವಾರವೇ ಸಾಕು ಅಂತ 2015ರಲ್ಲಿ ಫ್ರಾನ್ಸಿನ ಅಧ್ಯಯನ ತೋರಿಸಿತು. ಬೆನ್ನಿನ ಕ್ಷಯಕ್ಕೆ ನಮ್ಮಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು.

ಆ ಹದಿನೆಂಟು ತಿಂಗಳೇ ಮುದುಕರಿಗೆ ಕಷ್ಟ. ಕ್ಷಯದ ಮಾತ್ರೆ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅದೇ ಮಾತ್ರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ, ರಕ್ತ ತೆಳು ಮಾಡುವ ವಾರ್ಫರಿನ್‌ನ ಶಕ್ತಿ ಇಳಿಸುತ್ತದೆ. ಕಣ್ಣು ಹಳದಿಯಾದರೆ, ಅಕ್ಷರ ಮಂಜಾದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಮಂಗಳೂರಿನಲ್ಲಿ ಬರೆದ ಚೀಟಿ, ಊರಿನ ಪಿಎಚ್‌ಸಿಯ ಮಾತ್ರೆ, ಹಳೆಯ ಬಿಪಿ ಮಾತ್ರೆ, ಇವೆಲ್ಲ ಒಬ್ಬರೇ ಡಾಕ್ಟರ ಕಣ್ಣಿಗೆ ಬೀಳುವುದು ಅಪರೂಪ. ಎಲ್ಲವನ್ನೂ ಒಂದೇ ತೊಟ್ಟೆಯಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರಿಗೆ ಅಲ್ಲಿಗೆ ಹೋಗಲಾಗದೆ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಕ್ಷಯದ ಮದ್ದು ಸರಕಾರದ್ದು, ಉಚಿತ. ಸರಕಾರದ ಕ್ಷಯರೋಗಿಗಳ ಆನ್‌ಲೈನ್ ಪಟ್ಟಿಯಾದ ನಿಕ್ಷಯ್‌ನಲ್ಲಿ ಹೆಸರಿದ್ದರೆ ರಾಜ್ಯ ಬದಲಾದರೂ ಚಿಕಿತ್ಸೆ ಮುಂದುವರಿಸಬಹುದು. ಊಟದ ಖರ್ಚಿಗೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ.

ಇನ್ನು ಗುಣವಾಯಿತು ಅನ್ನುವುದು ಯಾವಾಗ? ಬಹಳ ಕಾಲ ಎಕ್ಸ್‌ರೇ ಚೆನ್ನಾಗಿದ್ದರೆ ಗುಣ ಅಂತಿದ್ದರು. ಈಗ ರೋಗಿಯನ್ನೇ ಕೇಳುತ್ತಾರೆ. ಅದಕ್ಕೆ ಜಾಸ್ತಿ ಬಳಸುವುದು 1980ರಲ್ಲಿ ಪ್ರಕಟವಾದ ಆಸ್ವೆಸ್ಟ್ರಿ ಪ್ರಶ್ನಾವಳಿ. ಇಂಗ್ಲೆಂಡಿನ ಆಸ್ವೆಸ್ಟ್ರಿಯ ಆ ಆಸ್ಪತ್ರೆ ಒಂದು ಕಾಲದಲ್ಲಿ ಮೂಳೆಯ ಕ್ಷಯದ ಮಕ್ಕಳನ್ನು ತೆರೆದ ಗಾಳಿಯಲ್ಲಿ ಮಲಗಿಸುತ್ತಿತ್ತು. ಹತ್ತು ಪ್ರಶ್ನೆ: ನೋವು, ನಡಿಗೆ, ಕೂರುವುದು, ನಿದ್ದೆ, ಪ್ರಯಾಣ ಹೀಗೆ. ಒಳ್ಳೆಯ ಪಟ್ಟಿಯೇ. ಆದರೆ ಅದರಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ, ಕುಕ್ಕರಗಾಲಿನ ಕಕ್ಕಸಿಲ್ಲ, ತೋಟದ ದರೆ ಇಳಿಯುವುದಿಲ್ಲ. ನಮ್ಮ ಅಜ್ಜನ ದಿನವಿಡೀ ಇರುವುದು ಇವುಗಳಲ್ಲೇ. ಸೋಂಕು ಪೂರ್ತಿ ಹೋದ ಮೇಲೂ ಕೆಲವರಿಗೆ ಬೆನ್ನು ಗಟ್ಟಿಯಾಗಿ ನೋವು ಉಳಿಯುತ್ತದೆ. ಅಂಥವರಿಗೆ ಇನ್ನೊಂದು ಸ್ಕ್ಯಾನಿಗಿಂತ ಕಮೋಡ್ ಕುರ್ಚಿ, ಎತ್ತರದ ಮಂಚ, ಫಿಸಿಯೋಥೆರಪಿ ಉಪಯೋಗಕ್ಕೆ ಬರುತ್ತವೆ.

ಕೇರಳದಲ್ಲಿ 2008ರ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ನೋವು ಇಳಿಸುವ ಆರೈಕೆಯ) ನೀತಿಯ ನಂತರ ಪಂಚಾಯತಿನ ನರ್ಸ್ ಮನೆಗೇ ಬರುವ ವ್ಯವಸ್ಥೆ ಇದೆ. ಹಾಸಿಗೆ ಹಿಡಿದವರಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ನರ್ಸ್ ಬಂದಾಗ ಮಂಚದಿಂದ ಏಳುವ ಕ್ರಮವನ್ನು ಮನೆಯವರೂ ಕಲಿತುಕೊಳ್ಳಿ. ನೇರ ಎಬ್ಬಿಸಿ ಕೂರಿಸಬಾರದು. ಮೊದಲು ಇಡೀ ಮೈ ಒಟ್ಟಿಗೆ ಮಗ್ಗುಲಿಗೆ ಹೊರಳಬೇಕು, ಆಮೇಲೆ ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಬೆಲ್ಟು ಕೊಟ್ಟಿದ್ದರೆ ಅದನ್ನು ಯಾವಾಗ ಕಟ್ಟಬೇಕು, ಎಷ್ಟು ಹೊತ್ತು ಹಾಕಿರಬೇಕು ಅಂತ ಅದನ್ನು ಕೊಟ್ಟ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ.