ರೆಪ್ಲಿಕಾ ನಿಂತಾಗ ನೋಡಬೇಕಾದದ್ದು: ಮೆಟಾಡೇಟಾ ಲಾಕ್

ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ರೆಪ್ಲಿಕೇಶನ್ (ಮುಖ್ಯ ಸರ್ವರಿನ ದತ್ತಾಂಶವನ್ನು ರೆಪ್ಲಿಕಾ ಎಂಬ ಇನ್ನೊಂದು ಸರ್ವರಿಗೆ ನಕಲಿಸುವುದು) ಹೂಡುವ ಕ್ರಮ ಗೊತ್ತಿದೆಯೆಂದು ಭಾವಿಸಿ ಅದನ್ನು ಬಿಟ್ಟಿದ್ದೇನೆ.

ರಾಯಚೂರಿನಲ್ಲಿ ನಾವು ನೋಡಿಕೊಳ್ಳುವ ಹತ್ತಿ ವಹಿವಾಟಿನ ತಂತ್ರಾಂಶದಲ್ಲಿ ಹೊಸ ದಾಖಲೆಗಳು ಮುಖ್ಯ ಸರ್ವರಿಗೆ ಸೇರುತ್ತವೆ. ಧಾರಣೆ ಪಟ್ಟಿ, ವರದಿಗಳನ್ನು ರೆಪ್ಲಿಕಾದಿಂದ ಓದಲಾಗುತ್ತದೆ. ಟೆಂಡರ್ ಮುಗಿದು ಎಲ್ಲರೂ ಧಾರಣೆ ನೋಡಲು ಮುಗಿಬಿದ್ದ ಹೊತ್ತಿಗೆ ರೆಪ್ಲಿಕಾ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿನಲ್ಲೇ 151 ಸಂಪರ್ಕಗಳ ಮಿತಿಯೂ ತುಂಬಿತು. ಹೊರೆ ಹೆಚ್ಚಾಯಿತೆಂದೇ ನಾನು ತಿಳಿದೆ. ಆದರೆ ಸಿಪಿಯು, ಡಿಸ್ಕ್ ಎರಡೂ ಬಿಡುವಾಗಿದ್ದವು. ಕೆಲಸ ನಿಂತಿದ್ದರೂ ಯಂತ್ರ ಬಿಡುವಾಗಿದೆಯೆಂದರೆ ಮೊದಲು ಲಾಕ್ ನೋಡಬೇಕು.

ಸಂಪರ್ಕಗಳ ಪಟ್ಟಿ ತೋರಿಸುವ ಶೋ ಪ್ರೊಸೆಸ್‌ಲಿಸ್ಟ್ ಕೊಟ್ಟಾಗ ಸಾಲು ಸಾಲಾಗಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದು ಬಂತು. ನಾನು ಎಡವಿದ್ದು ಇಲ್ಲಿಯೇ. ಮೈಎಸ್‌ಕ್ಯೂಎಲ್ ದತ್ತಾಂಶ ಇಡುವ ಎಂಜಿನ್ ಆದ ಇನ್ನೊಡಿಬಿಯಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ ಎಂದು ಕಂಠಪಾಠ ಮಾಡಿದ್ದೆ. ಆ ಮಾತು ಟೇಬಲ್ಲಿನೊಳಗಿನ ಸಾಲುಗಳಿಗೆ ಸಂಬಂಧಿಸಿದ್ದು. ಟೇಬಲ್ಲಿನ ರಚನೆಗೆ ಬೇರೆಯದೇ ಲಾಕ್ ಇದೆ: ಬರೀ ಓದುವ ಸೆಲೆಕ್ಟ್ ಕೂಡ ಹಂಚಿಕೆಯ ಮೆಟಾಡೇಟಾ ಲಾಕ್ ಹಿಡಿಯುತ್ತದೆ, ರಚನೆ ಬದಲಿಸುವ ಆಲ್ಟರ್‌ಗೆ ಕ್ಷಣಮಾತ್ರವಾದರೂ ಒಂಟಿ ಲಾಕ್ ಬೇಕಾಗುತ್ತದೆ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಹತ್ತಾರು ಟ್ರ್ಯಾಕ್ಟರ್‌ಗಳು ಒಟ್ಟಿಗೆ ನಿಲ್ಲಬಹುದು, ಆದರೆ ಉದ್ದನೆಯ ಲಾರಿ ತಿರುಗಬೇಕಾದರೆ ಅಂಗಳ ಪೂರ್ತಿ ತೆರವಾಗಬೇಕು. ಆ ಲಾರಿ ಗೇಟಿನಲ್ಲಿ ಕಾಯುತ್ತಿರುವಾಗ ಅದರ ಹಿಂದಿನ ಟ್ರ್ಯಾಕ್ಟರ್‌ಗಳೂ ಒಳಗೆ ಬರಲಾರವು. ಮುಖ್ಯ ಸರ್ವರಿನಲ್ಲಿ ಯಾರೋ ಒಂದು ಕಾಲಂ ಸೇರಿಸಿದ್ದರು. ಅಲ್ಲಿ ಸಲೀಸಾಗಿ ಮುಗಿದ ಆಲ್ಟರ್, ಬದಲಾವಣೆಗಳ ದಾಖಲೆಯಾದ ಬೈನರಿ ಲಾಗ್ ಮೂಲಕ ರೆಪ್ಲಿಕಾಕ್ಕೆ ಬಂದು ಗೇಟಿನಲ್ಲಿ ನಿಂತಿತು. ಅದರ ಹಿಂದೆ ಬಂದ ಪ್ರತಿಯೊಂದು ಸೆಲೆಕ್ಟ್ ಕೂಡ ನಿಂತಿತು.

ಹಾಗಾದರೆ ಅಂಗಳ ಬಿಡದವರು ಯಾರು? ದೀರ್ಘವಾಗಿ ಓಡುತ್ತಿರುವ ಕ್ವೆರಿಗಾಗಿ ಬಹಳ ಹುಡುಕಿದೆ, ಒಂದೂ ಸಿಗಲಿಲ್ಲ. ಮೆಟಾಡೇಟಾ ಲಾಕ್ ಬಿಡುಗಡೆಯಾಗುವುದು ಕ್ವೆರಿ ಮುಗಿದಾಗ ಅಲ್ಲ, ಟ್ರಾನ್ಸಾಕ್ಷನ್ (ಕಮಿಟ್ ಆಗುವವರೆಗಿನ ಕ್ವೆರಿಗಳ ಗುಂಪು) ಮುಗಿದಾಗ. ವರದಿ ತೆಗೆಯುವ ನಮ್ಮ ಪೈಥಾನ್ ಸ್ಕ್ರಿಪ್ಟಿನಲ್ಲಿ ಆಟೋಕಮಿಟ್ (ಪ್ರತಿ ಕ್ವೆರಿಯ ನಂತರ ತಾನಾಗಿ ಕಮಿಟ್ ಮಾಡುವುದು) ಇರಲಿಲ್ಲ. ಪೈಥಾನಿನ ಡೇಟಾಬೇಸ್ ನಿಯಮದಂತೆ ಅದು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಆ ಸ್ಕ್ರಿಪ್ಟ್ ಒಂದು ಸೆಲೆಕ್ಟ್ ಓಡಿಸಿ, ಕಮಿಟ್ ಮಾಡದೆ, ಪಟ್ಟಿಯಲ್ಲಿ ‘ಸ್ಲೀಪ್’ ಎಂದು ತೋರಿಸುತ್ತಾ ಲಾಕ್ ಹಿಡಿದೇ ಕುಳಿತಿತ್ತು. ‘ಸ್ಲೀಪ್’ ಎಂಬ ಸಾಲುಗಳನ್ನು ನಾನು ಪ್ರತಿ ಸಲವೂ ದಾಟಿ ಹೋಗುತ್ತಿದ್ದೆ.

ಹಿಡಿಯುವ ದಾರಿ ಇದು. ಸರ್ವರಿನ ಒಳಸ್ಥಿತಿ ತೋರಿಸುವ ಪರ್ಫಾರ್ಮೆನ್ಸ್ ಸ್ಕೀಮಾದ ಮೆಟಾಡೇಟಾ_ಲಾಕ್ಸ್ ಟೇಬಲ್ಲಿನಲ್ಲಿ ನಮ್ಮ ಟೇಬಲ್ಲಿನ ಹೆಸರಿರುವ, ‘ಗ್ರಾಂಟೆಡ್’ ಸ್ಥಿತಿಯ ಸಾಲುಗಳನ್ನು ತೆಗೆಯಬೇಕು. ಅಲ್ಲಿರುವ ಥ್ರೆಡ್ ಸಂಖ್ಯೆಯೇ ಪ್ರೊಸೆಸ್‌ಲಿಸ್ಟ್ ಸಂಖ್ಯೆಯಲ್ಲ. ಥ್ರೆಡ್ಸ್ ಟೇಬಲ್ಲಿಗೆ ಜೋಡಿಸಿ ಸರಿಯಾದ ಸಂಖ್ಯೆ ಪಡೆಯದೆ ಕಿಲ್ ಕೊಟ್ಟರೆ, ಕಡಿದುಹೋಗುವುದು ಯಾರದೋ ಸಂಪರ್ಕ. ಆಲ್ಟರ್ ನಡೆಸುವ ರೆಪ್ಲಿಕೇಶನ್ ಥ್ರೆಡ್ಡೂ ಆ ಪಟ್ಟಿಯಲ್ಲಿ ಬರುತ್ತದೆ, ಅದನ್ನು ಮುಟ್ಟಬಾರದು. ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳ ಪಟ್ಟಿಯಾದ ಇನ್ನೊಡಿಬಿ_ಟಿಆರ್‌ಎಕ್ಸ್‌ನಲ್ಲಿ ಎಲ್ಲಕ್ಕಿಂತ ಹಳೆಯ ಟ್ರಾನ್ಸಾಕ್ಷನ್ ಯಾವುದೆಂದು ತಾಳೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ತಾನಾಗಿ ಬಿಡುತ್ತದೆಂದು ಕಾಯುವಂತಿಲ್ಲ, ಏಕೆಂದರೆ ಲಾಕಿಗಾಗಿ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಲಾಕ್_ವೇಟ್_ಟೈಮ್‌ಔಟ್‌ನ ಪೂರ್ವನಿಗದಿತ ಮೌಲ್ಯ 31536000 ಸೆಕೆಂಡ್, ಅಂದರೆ 365 ದಿನ.

ರೆಪ್ಲಿಕಾ ಎಷ್ಟು ಸೆಕೆಂಡ್ ಹಿಂದಿದೆ ಎಂಬ ಅಂಕಿಯನ್ನು ಒಂದನ್ನೇ ನಂಬಬಾರದು. ಜಾಲ ನಿಧಾನವಾಗಿ ಲಾಗ್ ಬರುವುದೇ ತಡವಾದಾಗ ಅದು 0 ತೋರಿಸಬಲ್ಲದು.

ಸ್ಕ್ರಿಪ್ಟಿನ ಸಂಪರ್ಕವನ್ನು ಕಡಿದ ಕೂಡಲೇ ಆಲ್ಟರ್ ಮುಗಿದು, ಕಾಯುತ್ತಿದ್ದ ಕ್ವೆರಿಗಳೆಲ್ಲ ಹರಿದುಹೋದವು. ಈಗ ಸ್ಕ್ರಿಪ್ಟಿನಲ್ಲಿ ಆಟೋಕಮಿಟ್ ಹಾಕಿದ್ದೇವೆ, ಕಾಲಂ ಬದಲಾವಣೆಯನ್ನು ಮಾರುಕಟ್ಟೆ ಮುಚ್ಚಿದ ಮೇಲೆ, ರೆಪ್ಲಿಕಾದಲ್ಲಿ ಹಳೆಯ ಟ್ರಾನ್ಸಾಕ್ಷನ್ ಇಲ್ಲವೆಂದು ನೋಡಿಕೊಂಡೇ ಮಾಡುತ್ತೇವೆ.