ಮೇಷ್ಟ್ರ ಹುದ್ದೆ ಖಾಲಿ ಉಳಿಯುವುದು ಯಾಕೆ?

ಬಜೆಟ್ ಭಾಷಣದಲ್ಲಿ ಶಿಕ್ಷಣದ ಮೊತ್ತ ಸಾಮಾನ್ಯವಾಗಿ ಹೋದ ವರ್ಷಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ಕರ್ನಾಟಕದ ಸರ್ಕಾರಿ ಶಾಲೆಗಳು ತೆರೆದಾಗ ಗಣಿತಕ್ಕೆ ಮೇಷ್ಟ್ರಿಲ್ಲ ಎಂಬ ದೂರು ತಪ್ಪುವುದಿಲ್ಲ.

ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ ಬಂತು. ಸಂಬಳದ ಹೊರೆ ಮಾತ್ರ ಹೆಚ್ಚಾಗಿ ರಾಜ್ಯದ ಹೆಗಲ ಮೇಲೇ ಉಳಿಯಿತು. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ದೇಶದಲ್ಲೇ ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ಇದು. ಇದರ ಪ್ರಕಾರ ಸಾಮಾನ್ಯ ವರ್ಷಗಳಲ್ಲಿ ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲದಿಂದ ತುಂಬಿಸಬೇಕಾದ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು. ಸಾಲಕ್ಕೆ ಮಿತಿ ಇರಬೇಕಾದದ್ದೇ. ಆದರೆ ಆದಾಯ ಕುಗ್ಗಿದಾಗ ಆ ಮಿತಿ ಬಿಗಿಯಾಗುತ್ತದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಬಗ್ಗೆ ಶಿಫಾರಸು ಮಾಡುವ ಹಣಕಾಸು ಆಯೋಗಗಳ ಪೈಕಿ 15ನೆಯದು ಬಂದಾಗ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಜಿಎಸ್‌ಟಿಯಿಂದಾದ ತೆರಿಗೆ ನಷ್ಟಕ್ಕೆ ಕೇಂದ್ರ ರಾಜ್ಯಗಳಿಗೆ ಕೊಡುತ್ತಿದ್ದ ಪರಿಹಾರವೂ 2022ರ ಜೂನ್‌ಗೆ ಮುಗಿಯಿತು. ಇತ್ತ ಖರ್ಚಿನ ಹೊಸ ಭರವಸೆಗಳು ಬೆಳೆಯುತ್ತಲೇ ಹೋದವು.

ಹಣ ಸಾಲದಾಗ ಏನಾಗುತ್ತದೆ? ಸಂಬಳ, ಪಿಂಚಣಿ, ಸಾಲದ ಬಡ್ಡಿ ನಿಲ್ಲಿಸುವಂತಿಲ್ಲ. ಕೊಟ್ಟ ಭರವಸೆ ಹಿಂತೆಗೆಯುವುದೂ ಸುಲಭವಲ್ಲ. ಮುಂದೂಡಬಹುದಾದದ್ದು ಇನ್ನೂ ಶುರುವಾಗದ ಖರ್ಚು ಮಾತ್ರ. ನಿವೃತ್ತರಾದವರ ಜಾಗವನ್ನು ಸುಮ್ನೆ ತುಂಬದೇ ಬಿಟ್ಟರೆ ಸಾಕು. ಯಾರ ಕೆಲಸವೂ ಹೋಗುವುದಿಲ್ಲ, ಕಡಿತದ ಸುದ್ದಿಯೂ ಆಗುವುದಿಲ್ಲ. ಶಿಕ್ಷಣ ಇಲಾಖೆಯ ಪ್ರಸ್ತಾವಕ್ಕೆ ಆರ್ಥಿಕ ಇಲಾಖೆ ಒಪ್ಪಬೇಕು. ಒಪ್ಪಿದ ಮೇಲೂ ಪರೀಕ್ಷೆ, ಆಯ್ಕೆ ಪಟ್ಟಿ, ಕೋರ್ಟ್ ತಕರಾರು ಅಂತ ಕಾಲ ಹೋಗುತ್ತದೆ. 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದದ್ದು 2022ರ ಮೇನಲ್ಲಿ. ಆಯ್ಕೆಯಾದವರು ಶಾಲೆ ಸೇರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು.

ಅಲ್ಲಿಯವರೆಗೆ ಪಾಠ ಮಾಡುವವರು ಅತಿಥಿ ಶಿಕ್ಷಕರು, ಅಂದರೆ ಗೌರವಧನಕ್ಕೆ ತಾತ್ಕಾಲಿಕವಾಗಿ ದುಡಿಯುವವರು. 2025-26ರ ಬಜೆಟ್‌ನಲ್ಲಿ ಅವರ ಗೌರವಧನ ತಿಂಗಳಿಗೆ 2,000 ರೂಪಾಯಿ ಏರಿತು. ಏರಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಸಿಗುವುದು 12,000. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಿ.ಇಡಿ ಮಾಡಿಕೊಂಡು ಬಂದವರು ಇಷ್ಟಕ್ಕೆ ವರ್ಷಗಟ್ಟಲೆ ದುಡಿಯುತ್ತಾರೆ. ಕಡತದಲ್ಲಿ ಇದು ಉಳಿತಾಯ. ಹಾಗೆ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇದರ ಪೆಟ್ಟು ಮತ್ತೆ ಶಾಲೆಗೇ ಬೀಳುತ್ತದೆ. ಮೇಷ್ಟ್ರಿಲ್ಲ ಅಂದರೆ ಕೈಲಾದ ಪೋಷಕರು ಮಗುವನ್ನು ಖಾಸಗಿ ಶಾಲೆಗೆ ಸೇರಿಸುತ್ತಾರೆ, ಅಲ್ವಾ? ಮಕ್ಕಳ ಸಂಖ್ಯೆ ಇಳಿದರೆ, ಇದ್ದ ಮೇಷ್ಟ್ರೂ 'ಹೆಚ್ಚುವರಿ' ಎಂದಾಗಿ ಹುದ್ದೆ ಸಮೇತ ಬೇರೆ ಶಾಲೆಗೆ ಹೋಗುತ್ತಾರೆ. ಆಮೇಲೆ ಆ ಶಾಲೆಯ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಅದು ಕಾಣುವುದೂ ಇಲ್ಲ.